ಶಾಂತಲಿಂಗಪ್ಪನ ಬಂದೂಕು ಮತ್ತು ಕುಸುಬಿ ಎಣ್ಣೆ

ಸೋಲಾಪುರ ಸೀಮೆಯ ವಳಸಂಗದ ಆ ಓಣಿಯಲ್ಲಿ ಬಂದೂಕು ಇದ್ದ ಮನೆ ಒಂದೇ. ಆ ಬಂದೂಕಿನ ಮೇಲಿನ ಭಾಷಣ ಕೇಳದೆ ಅಲ್ಲಿಂದ ಚಹಾ ಕುಡಿದು ಎದ್ದುಬಂದವರು ಇನ್ನೂ ಹುಟ್ಟಿಲ್ಲ.

ಬಂದೂಕು ಶಾಂತಲಿಂಗಪ್ಪನ ಅಪ್ಪನದು. ಬೋರಾಮಣಿ ಮಾಳದ ಕಡೆಯಿಂದ ಹಂದಿಗಳು ಹಿಂಡುಗಟ್ಟಿ ಹೊಲಕ್ಕೆ ನುಗ್ಗುತ್ತಿದ್ದ ಕಾಲದಲ್ಲಿ ಅವನು ಪರವಾನಗಿ ಮಾಡಿಸಿ ತಂದ ರೈಫಲ್ಲು. ಒಂದು ದಿನ ಹೊಲದಿಂದ ಬಂದವನೇ ಅದನ್ನು ಗೂಟಕ್ಕೆ ನೇತುಹಾಕಿ, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ ಅಪ್ಪ ಮತ್ತೆ ಏಳಲಿಲ್ಲ. ಹೊಲ ಮಗನಿಗೆ ಬಂತು, ಮೀಸೆ ಬಂತು, ಪರವಾನಗಿಯೂ ಬಂತು. ಗುರಿ ಮಾತ್ರ ಬರಲಿಲ್ಲ. ಹೆಸರು ಬದಲಾಯಿಸುವಾಗ ಅಧಿಕಾರಿಗಳು ಬಂದೂಕಿನ ನಂಬರು ನೋಡಿದರು, ಶಾಂತಲಿಂಗಪ್ಪನ ಮುಖ ನೋಡಿದರು, ಮುಂದೆ ಏನನ್ನೂ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಗುಂಡು ಹಾರಿಸದವನು ಬಂದೂಕನ್ನು ಏನು ಮಾಡಬೇಕು? ಶಾಂತಲಿಂಗಪ್ಪ ಅದರ ಸೇಫ್ಟಿಯ ಮೇಲೆ ಪಂಡಿತನಾದ. ಪ್ರತಿ ವರ್ಷ ಖಂಡೇನವಮಿಗೆ ಹೆಂಡತಿ ಅಕ್ಕನಾಗಮ್ಮ ಬಂದೂಕನ್ನು ಕುಡುಗೋಲು, ಕುಂಟೆ, ಮಿಕ್ಸರುಗಳ ಜೊತೆ ಸಾಲಾಗಿ ಇಟ್ಟು, ಕುಸುಬಿ ಎಣ್ಣೆ ಸವರಿ, ವಿಭೂತಿ ಅರಿಷಿಣ ಕುಂಕುಮ ಏರಿಸಿ ಪೂಜೆ ಮಾಡುವಳು. ಮರುದಿನ ಬನ್ನಿ ಕೊಡಲು ಬಂದ ಮಂದಿಯೆಲ್ಲ ಜಮಖಾನದ ಮೇಲೆ ಕೂತ ಮೇಲೆ ಭಾಷಣ ಶುರು.

"ಇದು ಬೋಲ್ಟ್ ನೋಡ್ರಿ. ಮನಿಗೆ ಬಾಗಲಾ ಇದ್ದಂಗ. ಎತ್ತಿ ಹಿಂದಕ ಜಗ್ಗಿದರ ಹಳೀ ಕಾಡತೂಸು ಹೊರಗ, ಮುಂದಕ ನೂಕಿದರ ಹೊಸಾದು ಒಳಗ. ಒಳಗೊಂದು ಮೊಳಿ ಇರತದ. ಟ್ರಿಗರ್ ಎಳದ ಕೂಡಲೆ ಅದು ಓಡಿ ಹೋಗಿ ಕಾಡತೂಸಿನ ಬೆನ್ನಿಗೆ ಗುದ್ದತದ. ಢಂ! ಈಗ ಈ ಸಣ್ಣ ಹಿಡಕಿ ನೋಡ್ರಿ. ಇದು ಸೇಫ್ಟಿ. ಇದನ್ನ ಹಿಂದಕ ಮಾಡಿದರ ಆ ಮೊಳಿ ಕುತ್ತಿಗಿ ಹಿಡಕೊಂಡ ನಿಂದರತದ. ಬಾಗಲಾನೂ ತೆರಿಯಂಗಿಲ್ಲ, ಮೊಳಿನೂ ಓಡಂಗಿಲ್ಲ."

ಮಾತು ಮುಗಿದ ಮೇಲೆ ಪ್ರಯೋಗ. ಅದಕ್ಕೆ ಒಬ್ಬ ಕಳ್ಳ ಬೇಕು. ಕಳ್ಳನ ಪಾತ್ರ ಖಾಯಂ ಆಗಿ ಅಕ್ಕನಾಗಮ್ಮನ ತಮ್ಮ ಸಿದ್ಧರಾಮನದು. ಸೋಲಾಪುರದ ಚಾದರ ಅಂಗಡಿಯಲ್ಲಿ ಸೇಲ್ಸ್‌ಮನ್ ಆದ ಅವನು ದಸರೆಗೆ ಅಕ್ಕನ ಮನೆಗೆ ಬಂದವನೇ ಎದುರಿನ ಕಂಬಕ್ಕೆ ಒರಗಿ, ಬಾಯಲ್ಲಿ ಕರ್ಚಿಕಾಯಿ ಇಟ್ಟುಕೊಂಡು ಎರಡೂ ಕೈ ಎತ್ತುವನು. ಶಾಂತಲಿಂಗಪ್ಪ ಅವನ ಎದೆಗೆ ನಳಿಗೆ ಹಿಡಿದು, "ಸೇಫ್ಟಿ ಹಾಕೈತಿ" ಎಂದು ಸಾರಿ, ಟ್ರಿಗರ್ ಎಳೆಯುವನು. ಏನೂ ಆಗುತ್ತಿರಲಿಲ್ಲ. ಮಂದಿ ಚಪ್ಪಾಳೆ ತಟ್ಟುವರು. ಸಿದ್ಧರಾಮ ಇನ್ನೊಂದು ಕರ್ಚಿಕಾಯಿ ತೆಗೆದುಕೊಳ್ಳುವನು. ವಿಜ್ಞಾನ ಗೆದ್ದಿತು ಎಂದು ಎಲ್ಲರೂ ಮನೆಗೆ ಹೋಗುವರು.

ಹೋದ ವರ್ಷದ ದಸರೆಯಲ್ಲಿ ವಿಜ್ಞಾನದ ಮೇಲೆ ಒಂದು ಕಲ್ಲು ಬಿತ್ತು. ಊರಿನ ಸುದ್ದಿಯನ್ನು ಠಾಣೆಗೆ ಮುಟ್ಟಿಸುವ ಪೊಲೀಸ್ ಪಾಟೀಲ ಅಮೋಗಸಿದ್ಧ ಬನ್ನಿ ಕೊಟ್ಟು ಕೂತಿದ್ದ. ವಿಧಾನಸಭೆಯ ಚುನಾವಣೆಯ ಘೋಷಣೆ ಇಂದು ನಾಳೆ ಅನ್ನುವಂತಿತ್ತು. ಪರವಾನಗಿ ಇದ್ದವರು ಠಾಣೆಗೆ ಬಂದೂಕು ಒಪ್ಪಿಸಬೇಕಾಗುತ್ತದೆ ಎಂದು ಯಾರೋ ಮಾತು ತೆಗೆದರು.

"ನಮ್ಮ ಕಾಕಾಗ ಚಿಂತಿ ಇಲ್ಲ," ಎಂದ ಅಮೋಗಸಿದ್ಧ. "ಪ್ರತಿ ಇಲೆಕ್ಷನ್ನಿಗೂ ಇವರ ಹೆಸರು ನಾನ ಬಿಡಸತೀನಿ. ಇವರಿಂದ ಯಾರಿಗೂ ಧೋಕಾ ಇಲ್ಲ, ಅಪಾಯ ಇಲ್ಲ ಅಂತ ಹೇಳಿ ಬರತೀನಿ."

"ಧೋಕಾ ಇಲ್ಲ?" ಶಾಂತಲಿಂಗಪ್ಪನ ಕೈಯಲ್ಲಿ ಚಹಾದ ಬಸಿ ನಿಂತಿತು. "ನನ್ನಿಂದ?"

"ಇಲ್ಲ ಬಿಡ್ರಿ ಕಾಕಾ. ಊರಿಗೇ ಗೊತ್ತೈತಿ."

ಅಡುಗೆಮನೆಯಲ್ಲಿ ಅಕ್ಕನಾಗಮ್ಮ ನಕ್ಕಳು. ಸಣ್ಣ ನಗೆ. ಪಾತ್ರೆಯ ಸದ್ದಿನಲ್ಲಿ ಮುಚ್ಚಿಹೋಗಬಹುದಾಗಿದ್ದ ನಗೆ. ಆದರೆ ಆ ಹೊತ್ತಿಗೆ ಸರಿಯಾಗಿ ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ.

"ಬರಕೋ ಪಾಟೀಲ," ಎಂದು ಶಾಂತಲಿಂಗಪ್ಪ ಎದ್ದು ನಿಂತ. "ಈ ಸಲ ಸಾಹೇಬಗ ಹೇಳು. ಶಾಂತಲಿಂಗಪ್ಪ ಧೋಕಾದ ಮನಷ್ಯಾ. ಸಿಟ್ಟಿನ ಮನಷ್ಯಾ. ಅವನ ಬಂದೂಕು ಯಾವತ್ತೂ ತುಂಬೇ ಇರತದ."

"ಖರೇ ತುಂಬೈತೇನ್ರಿ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಶಾಂತಲಿಂಗಪ್ಪನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಬೋಲ್ಟಿನ ಮೇಲೆ ತಾಸುಗಟ್ಟಲೆ ಮಾತಾಡಿದ್ದನೇ ಹೊರತು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಅಪ್ಪನ ವಸ್ತು, ಅಪ್ಪ ಇಟ್ಟ ಹಾಗೆ ಇರಲಿ ಎಂಬ ಭಕ್ತಿ ಅರ್ಧ, ಹೆದರಿಕೆ ಅರ್ಧ. ಆದರೆ ಅವನ ನಾಲಿಗೆಗೆ ಬಾರದ ಒಂದು ಮಾತು ಇತ್ತು. 'ನನಗೆ ಗೊತ್ತಿಲ್ಲ' ಎಂಬುದು. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಪರವೂರಿನವರು ಕೇಳಿದರೂ ಏನೋ ಒಂದು ಹೇಳಿ, ಅವರು ಬಿಸಿಲಲ್ಲಿ ಕಾಯುವುದನ್ನು ತಾನೂ ನಿಂತು ನೋಡುವ ಜಾತಿ ಅವನದು.

"ಹುಲಿ ತನ್ನ ಹಲ್ಲು ಬಾಯಾಗ ಇಟ್ಕೊಂಡ ತಿರಗತದೋ, ಮನ್ಯಾಗ ಬಿಟ್ಟ ಬರತದೋ?" ಎಂದ.

ಅಮೋಗಸಿದ್ಧ ಇದನ್ನು ಹೌದು ಎಂದೇ ತಿಳಿದುಕೊಂಡು ಹೋದ.

ಚುನಾವಣೆ ಘೋಷಣೆಯಾಗಿ, ನೀತಿಸಂಹಿತೆ ಬಂತು. ಅದರ ಬೆನ್ನಿಗೇ ಅಮೋಗಸಿದ್ಧ ಬಂದ. "ಅಭಿನಂದನ ಕಾಕಾ! ಧೋಕಾದವರ ಯಾದ್ಯಾಗ ನಿಮ್ಮ ಹೆಸರು ಬಂದೈತಿ. ಗುರುವಾರ ಹೊತ್ತು ಮುಳುಗೂದರಾಗ ಬಂದೂಕು ಜಮಾ ಮಾಡಬೇಕು. ಖಾಲಿ ಮಾಡಿ ತೋರಿಸಿ ಕೊಡಬೇಕು. ತಪ್ಪಿದರ ಲೈಸನ್ಸು ರದ್ದು, ಮ್ಯಾಲ ಕೇಸು."

ಶಾಂತಲಿಂಗಪ್ಪ ಮೊದಲು ಕ್ಷೌರದಂಗಡಿಗೆ ಹೋಗಿ ಸುದ್ದಿ ಹೇಳಿ ಬಂದ. ಆಮೇಲೆ ಹಿಟ್ಟಿನ ಗಿರಣಿಗೆ ಹೋಗಿ ಹೇಳಿ ಬಂದ. ತಾನು ಅಪಾಯಕಾರಿ ಎಂದು ಸರ್ಕಾರ ಒಪ್ಪಿಕೊಂಡದ್ದು ಊರಿಗೆಲ್ಲ ತಿಳಿದ ಮೇಲೆ ಮನೆಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಸೇಫ್ಟಿಯ ಹಿಡಿಕೆಯನ್ನು ಮುಂದಕ್ಕೆ ನೂಕಿದ.

ಅದು ಅಲುಗಲಿಲ್ಲ.

ಹೆಬ್ಬೆರಳಿನಿಂದ ನೂಕಿದ. ಎರಡೂ ಹೆಬ್ಬೆರಳಿನಿಂದ ನೂಕಿದ. ಹಿಡಿಕೆಯ ಸುತ್ತ ಜೇನುತುಪ್ಪದ ಬಣ್ಣದ ಅರಗಿನಂಥದ್ದು ಕಲ್ಲಾಗಿ ಕೂತಿತ್ತು. ಕುಸುಬಿ ಎಣ್ಣೆಯ ಗುಣ ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಡಬ್ಬಿಯ ಹೊರಗೆ ಇಳಿದ ಹನಿಯನ್ನು ಅವತ್ತೇ ಒರೆಸದಿದ್ದರೆ ಅಂಟಾಗುತ್ತದೆ, ಮುಂದಿನ ದೀಪಾವಳಿಯವರೆಗೆ ಬಿಟ್ಟರೆ ಉಗುರಿಗೂ ಬರುವುದಿಲ್ಲ. ಇಲ್ಲಿ ದಸರೆಯ ಮೇಲೆ ದಸರೆ ಬಂದು, ಒಂದರ ಮೇಲೊಂದು ಪದರು ಕಟ್ಟಿತ್ತು.

"ಏ ಇಕಿನ! ಏನು ಹಚ್ಚೀದಿ ಇದಕ್ಕ?"

"ವರ್ಷಾ ಏನು ಹಚ್ಚತೀನಿ ಅದನ. ಕುಸುಬಿ ಎಣ್ಣಿ."

"ಬಂದೂಕಿಂದು ಎಣ್ಣಿನೇ ಬ್ಯಾರೆ ಇರತದ!"

"ಒಂದ ದಿನಾರ ತಂದು ಕೊಟ್ಟೀರೇನು? ಪೂಜಾ ಮಾಡಂದ್ರಿ, ಮಾಡೀನಿ. ಮಿಕ್ಸರಿಗೂ ಅದನ ಹಚ್ಚೀನಿ. ಅದೇನು ಸುಮ್ಮನ ಕೂತೈತೇನು? ಸರೀರಿ ಈ ಕಡಿ, ಒಳ್ಳಿನ ಗುಂಡಕಲ್ಲಲೆ ಎರಡು ಬಡದರ ಬಿಡತದ."

"ಬಡೀಬ್ಯಾಡ!"

"ಯಾಕ? ಖಾಲಿ ಐತಿಲ್ಲೋ?"

"ಖಾಲಿ... ಐತಿ."

"ಹಂಗಾರ ಬಡೀತೀನಿ."

"ತುಂಬೈತಿ!"

ಅಕ್ಕನಾಗಮ್ಮ ಗುಂಡುಕಲ್ಲನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಯಾವುದಾರ ಒಂದು ಹೇಳ್ರಿ. ಹೊರಗ ಮಂದಿಗೆ ತುಂಬೈತಿ ಅಂತೀರಿ, ಒಳಗ ನನಗ ಖಾಲಿ ಐತಿ ಅಂತೀರಿ."

ಒಂದನ್ನು ಹೇಳುವ ಬದಲು ಶಾಂತಲಿಂಗಪ್ಪ ಬಂದೂಕಿಗೆ ಚಾದರ ಸುತ್ತಿ ಸೋಲಾಪುರದ ಬಸ್ಸು ಹತ್ತಿದ. ಚಾದರದಿಂದ ಹೊರಗಿಣುಕಿದ ತುದಿಯನ್ನು ನೋಡಿ ಪಕ್ಕದ ಸೀಟಿನವರು ತಮ್ಮ ಊರು ಬರುವ ಮೊದಲೇ ಇಳಿದರು. ಕಂಡಕ್ಟರು ಟಿಕೆಟ್ಟನ್ನು ದೂರದಿಂದಲೇ ಚಾಚಿದ. ಬಂದೂಕಿನ ಅಂಗಡಿಯವನು ಕೆಳಗಿನ ಗುಂಡಿನ ಪೆಟ್ಟಿಗೆಯನ್ನು ಕಳಚಿ ನೋಡಿ, ಅದು ಖಾಲಿ ಎಂದ. ಶಾಂತಲಿಂಗಪ್ಪನಿಗೆ ಉಸಿರು ಬಂತು.

"ಪೆಟಿ ಖಾಲಿ ಇದ್ದರ ಬಂದೂಕು ಖಾಲಿ ಅಂತಲ್ಲ," ಎಂದ ಅಂಗಡಿಯವನು. "ನಳಗ್ಯಾಗ ಒಂದು ಕೂತಿರಬಹುದು. ಬೋಲ್ಟ್ ತೆರೀದ ಕಾಣಂಗಿಲ್ಲ. ಸೇಫ್ಟಿ ಬಿಡದ ಬೋಲ್ಟ್ ತೆರಿಯಂಗಿಲ್ಲ. ನಿಮಗ ಗೊತ್ತಿರಬೇಕಲ್ಲ, ಒಳಗ ಐತೋ ಇಲ್ಲೋ?"

"ನನ್ನ ಬಂದೂಕು ನನಗ ಗೊತ್ತಿರಂಗಿಲ್ಲೇನು?" ಎಂದ ಶಾಂತಲಿಂಗಪ್ಪ.

"ಹಂಗಾರ ಹೇಳ್ರಿ."

ಶಾಂತಲಿಂಗಪ್ಪ ಚಾದರ ಸುತ್ತಿದ. ಅಂಗಡಿಯವನು ನೀತಿಸಂಹಿತೆ ಇರುವಾಗ ದುರಸ್ತಿ ಮಾಡುವುದಿಲ್ಲ ಎಂದು ಕೈ ಮುಗಿದ.

ಗುರುವಾರ ಮುಂಜಾನೆ ಶಾಂತಲಿಂಗಪ್ಪ ಅಕ್ಕಲಕೋಟ ರಸ್ತೆಯ ಮೇಲಿನ ಠಾಣೆಯ ಮುಂದೆ ನಿಂತಿದ್ದ. ಅಲ್ಲಿನ ಹವಾಲ್ದಾರ ದುರ್ಗಪ್ಪ ನಮ್ಮ ಮಾತಿನವನೇ. ಸಾಹೇಬರು ಮಾತ್ರ ಕೊಲ್ಲಾಪುರದ ಕಡೆಯವರು. ಅವರಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅವರು ಮರಾಠಿಯಲ್ಲಿ ಸಿಡುಕಿದ್ದನ್ನು ದುರ್ಗಪ್ಪ ಕನ್ನಡದಲ್ಲಿ ಸ್ವಲ್ಪ ಆರಿಸಿ ಬಡಿಸುತ್ತಿದ್ದ.

"ಖಾಲಿ ಮಾಡಿ ತೋರಿಸ್ರಿ ಮಾಲಕ್ರ."

"ಸೇಫ್ಟಿ ಬಿಡವಲ್ದು."

ದುರ್ಗಪ್ಪ ಬಂದೂಕನ್ನು ಅಂಗಳಕ್ಕೆ ಒಯ್ದು, ಬೆಂಕಿ ಆರಿಸಲು ಪೇರಿಸಿಟ್ಟಿದ್ದ ಮರಳಿನ ಚೀಲಗಳ ಮೇಲೆ, ನಳಿಗೆಯನ್ನು ಮರಳಿಗೇ ಚುಚ್ಚುವಂತೆ ಮಲಗಿಸಿದ. ಜೀಪಿನ ಡಬ್ಬಿಯಿಂದ ಹಿಡಿಕೆಗೆ ನಾಲ್ಕು ಹನಿ ಡೀಸೆಲ್ ಬಿಟ್ಟ, ನೂಕಿದ, ಮುಖ ಕೆಂಪು ಮಾಡಿಕೊಂಡ. ಬಿಡಲಿಲ್ಲ. ಆಗ ಸಾಹೇಬರು ಕಿಟಕಿಯಿಂದ ಏನೋ ಅಂದರು.

"ಸಾಹೇಬ್ರು ಅಂತಾರ," ಎಂದ ದುರ್ಗಪ್ಪ, "ಒಳಗ ಏನೈತಿ ಅಂತ ತಿಳೀದ ಬಂದೂಕು ನಮ್ಮ ಖೋಲ್ಯಾಗ ಇಡೂ ಹಂಗಿಲ್ಲ. ಸೋಲಾಪುರದಿಂದ ಬಂದೂಕಿನ ಮಿಸ್ತ್ರಿನ ಕರಸಬಹುದು. ಆದರ ನೀವು ನಾಕು ಮಂದಿ ಮುಂದ ಒಂದು ಮಾತು ಹೇಳಬೇಕು. ಒಳಗ ಏನೈತಿ ನನಗೊತ್ತಿಲ್ಲ ಅಂತ. ಅಷ್ಟ. ಈಗಿಂದೀಗ ಫೋನ್ ಮಾಡತೀವಿ."

ನೋಡಿ, ಎಷ್ಟು ಸಣ್ಣ ಬಾಗಿಲು! ಯಾರಾದರೂ ಬಗ್ಗಿ ದಾಟಿಬಿಡುತ್ತಿದ್ದರು. ಶಾಂತಲಿಂಗಪ್ಪನ ಕಣ್ಣ ಮುಂದೆ ಜಮಖಾನ ಬಂತು, ಚಪ್ಪಾಳೆ ಬಂತು, ಕ್ಷೌರದಂಗಡಿ ಬಂತು. ಎಲ್ಲಕ್ಕಿಂತ ಹಿಂದೆ ಅಡುಗೆಮನೆಯ ಆ ನಗೆ ಬಂತು.

"ಹೇಳಂಗಿಲ್ಲ," ಎಂದ.

"ಹೇಳದಿದ್ದರ ತಗೊಳ್ಳಂಗಿಲ್ಲ."

"ತಗೊಳ್ಳೂತನಕ ನಾ ಇಲ್ಲಿಂದ ಏಳಂಗಿಲ್ಲ!"

ಹೀಗೆ ಹೇಳಿ ಠಾಣೆಯ ಅಂಗಳದ ಬೇವಿನ ಗಿಡದ ಬುಡದಲ್ಲಿ ತಲೆಯ ಪಟಕಾ ಸರಿಮಾಡಿಕೊಂಡು ಕೂತುಬಿಟ್ಟ. ಬಂದೂಕು ಕೊಡಲಾರದೆ ಅಡಗಿಸಿಟ್ಟವರನ್ನು ಪೊಲೀಸರು ಕಂಡಿದ್ದರು. ಬಂದೂಕು ತಗೊಳ್ಳಿ ಎಂದು ಧರಣಿ ಕೂತವನನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ನಿಲೇಶ ಬಂದ. ಇವನು ಮೊಬೈಲಿನಲ್ಲಿ ಸುದ್ದಿ ವಾಹಿನಿ ನಡೆಸುವವನು. ತಾಲೂಕಿನಲ್ಲಿ ಎಮ್ಮೆ ಕಳೆದರೂ ಅವನ ಬಾಯಲ್ಲಿ ಅದು ಬ್ರೇಕಿಂಗ್. ಕಡೆಯ ದಿನ, ಠಾಣೆಯ ಅಂಗಳ, ಮರಳಿನ ಮೇಲೆ ಬಂದೂಕು, ಪಕ್ಕದಲ್ಲಿ ಮೀಸೆ. ಅವನಿಗೆ ಯಾರನ್ನೂ ಏನನ್ನೂ ಕೇಳುವ ಅಗತ್ಯ ಇರಲಿಲ್ಲ. ಆದರೂ ಕೇಳಿದ.

"ಕಾಕಾ, ಸರ್ಕಾರಕ್ಕ ಬಂದೂಕು ಯಾಕ ಕೊಡವಲ್ರಿ?"

"ನಾ ಕೊಡಾಕನ ಬಂದೀನಿ. ಅವರ ತಗೊಳ್ವಲ್ರು."

ನಿಲೇಶ ಫೋನು ಅಲುಗುವಷ್ಟು ನಕ್ಕ. "ಏನು ಟೋಮಣಾ, ಏನು ಚುಚ್ಚುಮಾತು ಹೊಡದ್ರಿ ಕಾಕಾ! 'ಕೊಡಾಕನ ಬಂದೀನಿ!' ನಿಮ್ಮಂಥಾ ಮಂದಿನ ಬೇಕು."

"ಏ, ಖರೇನ ಹೇಳಾಕತ್ತೀನೋ ತಮ್ಮಾ."

"ಹೇಳ್ರಿ ಹೇಳ್ರಿ. ಬಂದೂಕು ತುಂಬೈತೇನ್ರಿ?"

ಶಾಂತಲಿಂಗಪ್ಪ ಮೀಸೆ ಮುಟ್ಟಿಕೊಂಡ. ಕೈ ತಾನಾಗಿಯೇ ಹೋಯಿತು.

ಬಿಸಿಲೇರುವುದರೊಳಗೆ ವಿಡಿಯೋ ಊರೂರು ಸುತ್ತಿತು. ಕೆಳಗೆ ದಪ್ಪ ಅಕ್ಷರ: 'ರೈತರ ಹುಲಿ! ತುಂಬಿದ ಬಂದೂಕಿನೊಂದಿಗೆ ಠಾಣೆಗೇ ಸವಾಲು!' ಹಂದಿಯ ಕಾಟದಲ್ಲಿ ಬೆಂದವರು, ಠಾಣೆಯ ಮೇಲೆ ಹಳೆಯ ಸಿಟ್ಟಿದ್ದವರು, ಏನೂ ಕೆಲಸವಿಲ್ಲದವರು ಟಂಟಂ ರಿಕ್ಷಾಗಳಲ್ಲಿ ಬಂದು ಇಳಿದರು. ಒಬ್ಬ ಮುಖಂಡ ಬಂದು ಶಾಲು ಹೊದಿಸಿ, ಶಾಂತಲಿಂಗಪ್ಪ ತಮ್ಮ ಪಕ್ಷದ ಹಳೆಯ ಕಾರ್ಯಕರ್ತ ಎಂದ. ಎದುರು ಪಕ್ಷದವನು ಬಂದು, ಆ ಶಾಲಿನ ಮೇಲೆಯೇ ತನ್ನ ಶಾಲು ಹೊದಿಸಿ, ನಮ್ಮವರು ಎಂದ. ಅಕ್ಟೋಬರಿನ ಬಿಸಿಲಲ್ಲಿ ಎರಡು ಶಾಲು ಹೊತ್ತ ಶಾಂತಲಿಂಗಪ್ಪ ಬೆವರಿದ್ದನ್ನು ನಿಲೇಶ ಹತ್ತಿರದಿಂದ ತೆಗೆದು, ರೈತನ ಬೆವರು ಎಂದ. ಗುರುವಾರವಾದ್ದರಿಂದ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟಿದ್ದ ಒಂದು ಬಸ್ಸು ಮಂದಿಯನ್ನು ನೋಡಿ ನಿಂತಿತು. ಭಕ್ತರು ಇಳಿದು, ಅಷ್ಟರಲ್ಲಿ ಯಾರೋ ಹಾರ ಹಾಕಿದ್ದ ಬಂದೂಕಿಗೂ ಶಾಂತಲಿಂಗಪ್ಪನಿಗೂ ಕೈ ಮುಗಿದು, ಪ್ರಸಾದ ಎಲ್ಲಿ ಕೊಡುತ್ತಾರೆ ಎಂದು ದುರ್ಗಪ್ಪನನ್ನು ಕೇಳಿದರು. ಒಬ್ಬ ಮುದುಕಿ ಆರತಿ ತಟ್ಟೆಯೊಂದಿಗೇ ಮರಳಿನ ಹತ್ತಿರ ಬಂದಾಗ ಮಾತ್ರ ಅವನು ಹಾರಿ ಬಂದ.

"ಆಯಿ! ಡೀಸೆಲ್ ಹಾಕೀನಿ! ದೀಪಾ ದೂರ!"

ಮೊದಮೊದಲು ಶಾಂತಲಿಂಗಪ್ಪ ಬಂದವರಿಗೆಲ್ಲ, "ನಾ ಕೊಡತೀನಿ, ಅವರು ತಗೊಳ್ವಲ್ರು" ಎನ್ನುತ್ತಿದ್ದ. ಪ್ರತಿ ಸಲವೂ ಜನ ಕೇಕೆ ಹಾಕಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಹೊರಗೆ ಬಂದು, ಸಾಕಿನ್ನು, ಆ ಒಂದು ಮಾತು ಹೇಳಿಬಿಡಿ ಎಂದಾಗ ಅವನು ಎದ್ದು ನಿಂತು, "ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ!" ಎಂದು ಕೂಗಿದ. ಅಂಗಳವೆಲ್ಲ, "ಹೇಳಂಗಿಲ್ಲ! ಹೇಳಂಗಿಲ್ಲ!" ಎಂದಿತು. ಏನನ್ನು ಹೇಳುವುದಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೋರಾಟಕ್ಕೆ ಅದೇನು ಅಡ್ಡಿಯಾಗಲಿಲ್ಲ.

ಸೋಲಾಪುರದ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಫೋನಿನಲ್ಲಿ ಈ ವಿಡಿಯೋ ನೋಡಿದ ಸಿದ್ಧರಾಮ, ಬಿಚ್ಚಿದ ಚಾದರವನ್ನು ಮಡಚದೆ ಓಡಿ ಬಂದ.

"ಮಾವಾ, ಏನಿದು? ಕೊಟ್ಟಬಿಡ್ರಿ. ಅಕ್ಕನ ಮಾರಿ ನೋಡಿ ಕೊಡ್ರಿ."

"ತಗೊಳ್ಳಾಕ ಹೇಳು ಅವರಿಗೆ."

ಆಗ ಸಾಹೇಬರೇ ಒಂದು ಉಪಾಯ ಹೇಳಿದರು. ನಳಿಗೆಯ ಬಾಯಿಂದ ಉದ್ದನೆಯ ಕಡ್ಡಿ ಇಳಿಸಿ ನೋಡಿದರೆ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದರಿಂದ ಒಳಗೆ ಏನಾದರೂ ಇದೆಯೋ ಇಲ್ಲವೋ ತಿಳಿಯುತ್ತದೆ. ಆದರೆ ಕಡ್ಡಿ ಹಿಡಿಯುವವನು ನಳಿಗೆಯ ಮುಂದೆ ಕೈ ತರಬೇಕು. ಸಾಹೇಬರು ಮಂದಿಯ ಕಡೆ ನೋಡಿದರು. ಮೊದಲ ಶಾಲಿನ ಮುಖಂಡನಿಗೆ ಫೋನು ಬಂತು. ಎರಡನೆಯ ಶಾಲಿನವನಿಗೆ ಫೋನೂ ಬರಲಿಲ್ಲ. ಸುಮ್ಮನೆ ಕಿವಿಗೆ ಹಿಡಿದುಕೊಂಡು ಹೋದ.

"ತರ್ರಿ ಇಲ್ಲೆ, ನಾ ಹಿಡೀತೀನಿ," ಎಂದು ಸಿದ್ಧರಾಮ ಮುಂದೆ ಬಂದ. "ವರ್ಷಾ ದಸರಾಕ್ಕ ಅದರ ಮುಂದನ ನಿಂದರತೀನಿ. ಸೇಫ್ಟಿ ಹಾ‌ಕೈತಿ, ಏನೂ ಆಗಂಗಿಲ್ಲ. ಮಾವ ಟ್ರಿಗರ್ ಎಳದು ತೋರಿಸ್ಯಾರ."

ದುರ್ಗಪ್ಪ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ. "ಏನಂದಿ? ಎಳದು ತೋರಿಸ್ಯಾರ? ನಿನ್ನ ಎದಿಗೆ ಹಿಡದು?" ಅವನ ಕಣ್ಣು ಶಾಂತಲಿಂಗಪ್ಪನ ಕಡೆ ತಿರುಗಿತು. "ಸೇಫ್ಟಿ ಅಂದ್ರ ಮಶೀನ್ ಅದ ಮಾಲಕ್ರ. ಸವೀತದ, ಜಾರತದ, ಒಂದ ದಿನ ಕೈ ಕೊಡತದ. ನಳಗಿ ಎತ್ತ ನೋಡತದ ಅನ್ನೂದು ಮೊದಲನೇ ಸೇಫ್ಟಿ. ಬೆರಳು ಎಲ್ಲೈತಿ ಅನ್ನೂದು ಎರಡನೇದು. ಈ ಹಿಡಕಿ ಎಲ್ಲಾದಕ್ಕೂ ಕಡೀಗೆ."

ತನ್ನ ಭಾಷಣದಲ್ಲಿ ಇಲ್ಲದ ಮಾತುಗಳನ್ನು ಶಾಂತಲಿಂಗಪ್ಪ ಆಕ್ಷೇಪದಿಂದ ಕೇಳಿದ.

ಇಳಿಹೊತ್ತಿಗೆ ಅಕ್ಕನಾಗಮ್ಮ ಬುತ್ತಿ ಕಟ್ಟಿಕೊಂಡು ಬಂದಳು. ಮಂದಿ ಹುಲಿಯ ಹೆಂಡತಿಗೆ ದಾರಿ ಬಿಟ್ಟರು. ಅವಳು ಎರಡು ಶಾಲನ್ನು ನೋಡಿದಳು, ಹಾರ ನೋಡಿದಳು, ಬಿಸಿಲಿಗೆ ಕಮರಿದ ಗಂಡನ ಮುಖ ನೋಡಿ ದುರ್ಗಪ್ಪನನ್ನು ಕೇಳಿದಳು.

"ಏನು ಹೇಳಂಗಿಲ್ಲ ಅಂತ ಕೂತಾರ್ರಿ ಇವರು?"

"ಒಳಗ ಗುಂಡು ಐತೋ ಇಲ್ಲೋ ನನಗೊತ್ತಿಲ್ಲ ಅಂತ ಹೇಳಬೇಕಕ್ಕಾ. ಅಷ್ಟ ಹೇಳಿದರ ಮಿಸ್ತ್ರಿ ಬಂದು ತೆಗೀತಾನ. ಈಗಂತೂ ಅವನೂ ಹೊತ್ತು ಮುಳುಗೂದರಾಗ ಬರಂಗಿಲ್ಲ."

"ಗೊತ್ತಿಲ್ಲ ಅಂತ?" ಅಕ್ಕನಾಗಮ್ಮ ಬುತ್ತಿಯನ್ನು ಕಟ್ಟೆಯ ಮೇಲೆ ಇಟ್ಟಳು. "ಅದಾಗೂ ಮಾತಲ್ರಿ. ಲಗ್ನ ಆದಾಗಿಂದ ನಾನೂ ಕಾಯಾಕತ್ತೀನಿ."

ಮಂದಿಯಲ್ಲಿ ಯಾರೋ ನಕ್ಕರು. ನಿಲೇಶನ ಫೋನು ಅವಳ ಕಡೆ ತಿರುಗಿತು. ಅಕ್ಕನಾಗಮ್ಮ ಅದನ್ನು ನೊಣದಂತೆ ಕೈಯಲ್ಲಿ ಸರಿಸಿ, ಮರಳಿನ ಬದಿಗೆ ಹೋಗಿ, ಬಂದೂಕನ್ನು ಬಗ್ಗಿ ನೋಡಿದಳು. ಬೇವಿನ ನೆರಳು ಯಾವಾಗಲೋ ಸರಿದುಹೋಗಿ, ಕಬ್ಬಿಣ ಮಧ್ಯಾಹ್ನವೆಲ್ಲ ಹಂಚಿನ ಹಾಗೆ ಕಾದಿತ್ತು.

"ಎಣ್ಣಿ ಬಿಟ್ಟೈತಿ ನೋಡ್ರಿ," ಎಂದಳು. ಹಿಡಿಕೆಯ ಬುಡದಿಂದ ಅರಿಷಿಣದ ಬಣ್ಣದ ಒಂದು ಎಳೆ ಇಳಿದು ಮರಳಿನಲ್ಲಿ ಇಂಗುತ್ತಿತ್ತು.

ದುರ್ಗಪ್ಪ ಎಲ್ಲರನ್ನೂ ಹಿಂದಕ್ಕೆ ಕಳಿಸಿದ. ಕೈಗೆ ಅರಿವೆ ಸುತ್ತಿಕೊಂಡು, ನಳಿಗೆಯನ್ನು ಮರಳಿನಿಂದ ಅಲುಗಿಸದೆ, ಟ್ರಿಗರಿನ ಹತ್ತಿರ ಬೆರಳು ಸುಳಿಯದಂತೆ, ಹಿಡಿಕೆಯನ್ನು ನೂಕಿದ. ಬಿಡಲಿಲ್ಲ. ಇನ್ನೊಮ್ಮೆ ನೂಕಿದ.

ಟಕ್.

ಇಡೀ ದಿನ ಶಾಂತಲಿಂಗಪ್ಪ ಏಳದೆ ಕೂತದ್ದರಿಂದಲೇ ಬಂದೂಕು ಬಿಸಿಲಲ್ಲಿ ಬಿದ್ದಿತ್ತು. ಬಿಸಿಲಲ್ಲಿ ಬಿದ್ದದ್ದರಿಂದಲೇ ಸೇಫ್ಟಿ ಬಿಟ್ಟಿತು. ಹಟದಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಶಾಂತಲಿಂಗಪ್ಪ ಮೀಸೆಯ ಮೇಲೆ ಕೈ ಇಟ್ಟ.

ದುರ್ಗಪ್ಪ ಬೋಲ್ಟನ್ನು ಎತ್ತಿ ಹಿಂದಕ್ಕೆ ಎಳೆದ. ಒಳಗಿನಿಂದ ಏನೋ ಚಂಗನೆ ಹಾರಿ ಮರಳಿನ ಮೇಲೆ ಬಿದ್ದು ಉರುಳಿ ನಿಂತಿತು. ಕಿಲುಬು ಹಿಡಿದ ಹಿತ್ತಾಳೆಯ ಬಣ್ಣದ್ದು, ಕಿರುಬೆರಳಿಗಿಂತ ಉದ್ದನೆಯದು.

"ಜಿವಂತ ಐತಿ," ಎಂದ ದುರ್ಗಪ್ಪ ಮೆಲ್ಲಗೆ.

ಹಂದಿಗೆಂದು ತುಂಬಿ, ಸೇಫ್ಟಿ ಹಾಕಿ, ಗೂಟಕ್ಕೆ ನೇತುಹಾಕಿ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಷ್ಟೇ. ಆಮೇಲೆ ಅದನ್ನು ಯಾರೂ ಕೇಳಿರಲಿಲ್ಲ.

ಮಂದಿ ಹೋ ಎಂದಿತು. "ಖರೇ ತುಂಬಿತ್ತು! ಹೇಳಿದ್ದಿಲ್ಲೇನು ಹುಲಿ!" ಅಂಗಳದಲ್ಲಿ ಆಶ್ಚರ್ಯಪಟ್ಟವನು ಒಬ್ಬನೇ, ಅವನು ಹುಲಿ. ಜೀವನವಿಡೀ ಕೊಚ್ಚಿಕೊಂಡ ಸುಳ್ಳು ಒಂದು ದಿನ ನಿಜವಾಗಿ ಮರಳಿನ ಮೇಲೆ ಉರುಳಿದರೆ ಮನುಷ್ಯ ಏನು ಮಾಡಬೇಕು? ಶಾಂತಲಿಂಗಪ್ಪನ ಕೈ ಮೀಸೆಯಿಂದ ತಾನೇ ಇಳಿಯಿತು.

ಸಿದ್ಧರಾಮ ಕಾಡತೂಸನ್ನು ನೋಡಿದ. ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಂಡ. ಬಾಯಿ ಅಗಿಯುವ ಹಾಗೆ ಎರಡು ಸಲ ಆಡಿತು, ಎಂದೋ ತಿಂದ ಕರ್ಚಿಕಾಯಿಗಳೆಲ್ಲ ಒಟ್ಟಿಗೆ ನೆನಪಾದ ಹಾಗೆ. ಆಮೇಲೆ ಮರಳಿನ ಚೀಲದ ಮೇಲೆ ಮೆತ್ತಗೆ ಕೂತ.

ಸಾಹೇಬರು ಹೊರಗೆ ಬಂದರು. ಈ ಸಲ ಅವರೇ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಕೇಳಿದರು.

"ಗುಂಡು ಇತ್ತು. ನಿಮಗೆ ಗೊತ್ತು ಇತ್ತು?"

ಗೊತ್ತಿತ್ತು ಎಂದರೆ, ಗೊತ್ತಿದ್ದೂ ಹೆಂಡತಿಯ ತಮ್ಮನ ಎದೆಗೆ ಹಿಡಿದು ಟ್ರಿಗರ್ ಎಳೆದವನು. ಲೈಸನ್ಸಿನ ಮಾತು ಬಿಡಿ, ಇವತ್ತು ಮನೆಗೇ ಹೋಗುವಂತಿಲ್ಲ. ಗೊತ್ತಿರಲಿಲ್ಲ ಎಂದರೆ ಜಮಖಾನವಿಲ್ಲ, ಭಾಷಣವಿಲ್ಲ, ಹುಲಿಯಿಲ್ಲ. ಮಂದಿ ಬಾಯಿ ತೆರೆದು ಕಾಯುತ್ತಿದ್ದರು. ನಿಲೇಶನ ಫೋನು ಮೂಗಿನ ಹತ್ತಿರ ಇತ್ತು. ಶಾಂತಲಿಂಗಪ್ಪ ಮರಳಿನ ಚೀಲದ ಮೇಲಿನ ಸಿದ್ಧರಾಮನನ್ನು ನೋಡಿದ. ಪಾಪದವನು ಇನ್ನೂ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನನಗ..." ಎಂದ. ಕುಸುಬಿ ಎಣ್ಣೆ ಅವನ ನಾಲಿಗೆಗೂ ಇಳಿದಿತ್ತೋ ಏನೋ.

"ನನಗ ಗೊತ್ತಿದ್ದಿಲ್ರಿ. ಯಾವತ್ತೂ ಗೊತ್ತಿದ್ದಿಲ್ಲ. ನಾ ಬೋಲ್ಟ್ ತೆರದ ನೋಡಿಲ್ಲ."

ಅಂಗಳ ಗಾಳಿ ಬಿಟ್ಟ ಬಲೂನಿನಂತಾಯಿತು. ಟಂಟಂಗಳು ಶುರುವಾದವು. ಮೊದಲ ಶಾಲಿನ ಮುಖಂಡ ಶಾಲನ್ನು ಮರಳಿ ಕೇಳಲು ಒಬ್ಬನನ್ನು ಕಳಿಸಿದ. ನಿಲೇಶ ಫೋನು ಕಿಸೆಗೆ ಹಾಕಿ, "ಶೂಟಿಂಗ್ ವೇಸ್ಟ್ ಆತಲ್ರಿ ಕಾಕಾ," ಎಂದು ನೊಂದುಕೊಂಡು ಹೋದ. ಸಾಹೇಬರು ಮಾತ್ರ ಶಾಂತಲಿಂಗಪ್ಪನನ್ನು ನೋಡಿ, ದುರ್ಗಪ್ಪನಿಗೆ ಜಮಾ ಮಾಡಿಕೋ ಎಂದರು. ಹೊತ್ತು ಇನ್ನೂ ಮುಳುಗಿರಲಿಲ್ಲ. ಒಳಗೆ ಹೋಗುವ ಮುಂಚೆ ಅಂಟಿದ ಹಿಡಿಕೆಯನ್ನು ತೋರಿಸಿ ಮರಾಠಿಯಲ್ಲಿ ಗದರಿದರು. ದುರ್ಗಪ್ಪ ಆರಿಸದೆ ಬಡಿಸಿದ.

"ಬಂದೂಕಿಗೆ ಅಡಗಿ ಎಣ್ಣಿ ಹಚ್ಚಿದ ಶಾಣ್ಯಾ ಯಾರು ಅಂತ ಕೇಳತಾರ."

ಶಾಂತಲಿಂಗಪ್ಪ ಬಾಯಿ ತೆರೆಯುವುದರೊಳಗೆ ಅಕ್ಕನಾಗಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಿದ್ದಳು.

"ನಾನ್ರಿ. ನಾನ ಹಚ್ಚೀನಿ. ಸಾಹೇಬ್ರಿಗೆ ಹೇಳ್ರಿ, ಮುಂದಿನ ವರ್ಷನೂ ಹಚ್ಚತೀನಿ. ಈ ಮನಷ್ಯಾ ವರ್ಷಾ ವರ್ಷಾ ನನ್ನ ತಮ್ಮನ ಎದಿಗೆ ಹಿಡದು ಟ್ರಿಗರ್ ಎಳದಾನ. ಮಶೀನ್ ಸವೀತದ, ಜಾರತದ ಅಂದ್ರಿ ನೀವ. ನನ್ನ ಎಣ್ಣಿ ಜಾರೇತೇನು? ಕೇಳ್ರಿ ಅವರಿಗೆ. ಜಾರೇತೇನು?"

ದುರ್ಗಪ್ಪ ಇದನ್ನು ಮರಾಠಿಗೆ ತಿರುಗಿಸಲು ನೋಡಿದ. ಬೇಕಾಗಲಿಲ್ಲ. ಸಾಹೇಬರು ಆಗಲೇ ಬಾಗಿಲು ಮುಂದೆ ಮಾಡಿಕೊಂಡಿದ್ದರು.

ಬಂದೂಕು ಚುನಾವಣೆ ಮುಗಿದ ಮೇಲೆ ಎಚ್ಚರಿಕೆಯ ಮಾತುಗಳೊಂದಿಗೆ ಮನೆಗೆ ಬಂತು. ಮುಂದಿನ ದಸರೆಗೆ ಜಮಖಾನ ಹಾಸಿದ್ದಾಯಿತು, ಮಂದಿ ಬನ್ನಿ ಕೊಡಲು ಬಂದರು. ಶಾಂತಲಿಂಗಪ್ಪ ಬಂದೂಕಿನ ಬಾಯಿಯನ್ನು ಗೋಡೆಗೆ ಮಾಡಿ, ಬೋಲ್ಟನ್ನು ತೆರೆದಿಟ್ಟು, ಒಳಗೆ ಕಿರುಬೆರಳು ಹಾಕಿ ತೋರಿಸಿದ. ಪ್ರಯೋಗ ಇರಲಿಲ್ಲ. ಬಸ್ಸಿನ ಹೊತ್ತು ಕೇಳಿದ ಒಬ್ಬರಿಗೆ ಅವನು ಗೊತ್ತಿಲ್ಲ ಎಂದನಂತೆ. ಇದನ್ನು ಊರು ಇನ್ನೂ ಪೂರ್ತಿ ನಂಬಿಲ್ಲ.

ಸೋಲಾಪುರದಿಂದ ಬಂದ ಸಿದ್ಧರಾಮ ಈ ಸಲ ಕಂಬಕ್ಕೆ ಒರಗಲಿಲ್ಲ. ಬಂದೂಕಿನ ಹಿಂದೆ, ಬಹಳ ಹಿಂದೆ, ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಹಿಂದಿನ ದಿನ ಪೂಜೆಯ ಹೊತ್ತಿಗೇ ಅವನು ಚೀಲದಿಂದ ಹೊಸ ಕುಸುಬಿ ಎಣ್ಣೆಯ ಡಬ್ಬಿ ತೆಗೆದು ಅಕ್ಕನ ಕೈಗಿಟ್ಟಿದ್ದ.

"ನಾ ಬಂದೂಕಿನ ಎಣ್ಣಿನ ತಂದಿಟ್ಟೀನಿ," ಎಂದ ಶಾಂತಲಿಂಗಪ್ಪ. "ಅದನ ಹಚ್ಚು ಈ ಸಲ."

ಅಕ್ಕನಾಗಮ್ಮ ಅವನನ್ನು ನೋಡಿದಳು. ತಮ್ಮ ತಂದ ಡಬ್ಬಿಯ ಮುಚ್ಚಳ ತೆಗೆದಳು.

"ಹಿಡಕಿಗೆ ಸ್ವಲ್ಪ ಜಾಸ್ತಿ ಹಾಕಕ್ಕಾ," ಎಂದ ಸಿದ್ಧರಾಮ.